ಹಳೆಯ ಜೀಪು ಕೊಳ್ಳುವ ಮುನ್ನ: ತೊಂದರೆ ಬ್ಯಾಟರಿಯದ್ದೋ, ಡೈನಮೋದ್ದೋ?



ನಮ್ಮ ಮಲೆನಾಡಿನ ಕಡೆ ಜೀಪು ಇಲ್ಲದೆ ಕೆಲಸ ನಡೆಯೋದಿಲ್ಲ. ಬಸ್ಸು ನಿಲ್ಲುವ ಜಾಗದಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ ಮನೆಗಳಿರುತ್ತವೆ. ಕಾಫಿ, ಮೆಣಸು, ಅಡಿಕೆ ಮೂಟೆ ಹೊರಗೆ ಬರಬೇಕು, ರೇಷನ್ನು ಒಳಗೆ ಹೋಗಬೇಕು. ರಾತ್ರಿ ಹೆರಿಗೆ ನೋವು ಬಂದರೆ ಮೊದಲು ನೆನಪಾಗೋದು ಜೀಪೇ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಬೆಟ್ಟಗಳಿಗೆ ಪ್ರವಾಸಿಗರು ಹತ್ತೋದೂ ಜೀಪಿನಲ್ಲೇ. ಹಾಗಾಗಿ ಸಂಘದ ಸಾಲದಲ್ಲಿ ಒಂದು ಹಳೆಯ ಜೀಪು ಕೊಳ್ಳೋಣ ಎಂಬ ಮಾತು ಕೆಲವು ಸಭೆಗಳಲ್ಲಿ ಬರುವುದುಂಟು.

ಹಳೆಯ ಗಾಡಿಯಲ್ಲಿ ಪದೇ ಪದೇ ಹಣ ತಿನ್ನುವ ಒಂದು ಜಾಗ ಉಂಟು. ಅದು ಕರೆಂಟಿನ ಭಾಗ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಗಾಡಿ ಎದ್ದೇಳುವುದಿಲ್ಲ. "ಬ್ಯಾಟರಿ ಹೋಯ್ತು" ಅಂತ ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತೇವೆ. ಹತ್ತು ದಿನದಲ್ಲಿ ಅದೂ ಡೌನ್! ಆಗ ಗೊತ್ತಾಗುತ್ತದೆ, ಕೆಟ್ಟದ್ದು ಬ್ಯಾಟರಿ ಅಲ್ಲ, ಡೈನಮೋ ಅಂತ. ಗಾಡಿ ಓಡಿಸಲು ಬಾರದವರೂ ಈ ಪರೀಕ್ಷೆಗಳನ್ನು ಕಲಿಯಬಹುದು. ಸಾಲದ ಹಣ ಕೊಡುವವರು ನಾವು. ಏನು ಕೊಳ್ಳುತ್ತಿದ್ದೇವೆ ಎಂದು ನೋಡುವ ಹಕ್ಕೂ ನಮ್ಮದೇ.

ಈ ಪಾಠದಲ್ಲಿ ಕಲಿಯುವುದು:
1. ಬ್ಯಾಟರಿ ಮತ್ತು ಡೈನಮೋ ಏನು ಕೆಲಸ ಮಾಡುತ್ತವೆ
2. ಒಂದು ಸಣ್ಣ ಮೀಟರಿನಿಂದ ಮಾಡುವ ಮೂರು ಪರೀಕ್ಷೆ
3. ರಾತ್ರಿ ಕಳ್ಳತನವಾಗಿ ಕರೆಂಟು ಸೋರುವುದನ್ನು ಹಿಡಿಯುವುದು
4. ದಾರಿಯಲ್ಲಿ ಕೆಂಪು ದೀಪ ಹತ್ತಿದರೆ ಮಾಡಬೇಕಾದ್ದು

ಪೆಟ್ಟಿಗೆ ಮತ್ತು ವಾರದ ಉಳಿತಾಯ

ನಮ್ಮ ಸಂಘದ ಲೆಕ್ಕದಿಂದಲೇ ಇದನ್ನು ತಿಳಿಯೋಣ. ಬ್ಯಾಟರಿ ಅಂದರೆ ಸಂಘದ ಪೆಟ್ಟಿಗೆ. ಡೈನಮೋ ಅಂದರೆ ವಾರವಾರ ಬರುವ ಉಳಿತಾಯ. ಸೆಲ್ಫ್, ಹೆಡ್‌ಲೈಟು, ವೈಪರ್, ಹಾರನ್ನು ಇವೆಲ್ಲ ಸಾಲ ಕೇಳುವ ಸದಸ್ಯರು. ಉಳಿತಾಯ ಬರದೆ ಬರೀ ಸಾಲ ಕೊಡುತ್ತಿದ್ದರೆ ಪೆಟ್ಟಿಗೆ ಖಾಲಿ. ಆಗ ಹೊಸ ಪೆಟ್ಟಿಗೆ ತಂದಿಟ್ಟರೆ ಹಣ ಹುಟ್ಟುತ್ತದೆಯೇ? ಇನ್ನೊಂದು ಕಡೆ, ಉಳಿತಾಯ ಸರಿಯಾಗಿ ಬರುತ್ತಿದ್ದರೂ ಪೆಟ್ಟಿಗೆಯ ತಳ ತೂತಾಗಿದ್ದರೆ ಹಣ ನಿಲ್ಲುವುದಿಲ್ಲ. ಅದು ಬ್ಯಾಟರಿಯ ತೊಂದರೆ.

ಗ್ಯಾರೇಜಿನಲ್ಲಿ ಡೈನಮೋ ಅನ್ನುವ ಭಾಗದ ಸರಿಯಾದ ಹೆಸರು ಆಲ್ಟರ್ನೇಟರ್. ಬಹಳ ಹಳೆಯ ಜೀಪುಗಳಲ್ಲಿ ನಿಜವಾದ ಡೈನಮೋ ಇತ್ತು. ಆಮೇಲೆ ಆಲ್ಟರ್ನೇಟರ್ ಬಂತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಎಂಜಿನ್ನು ಬೆಲ್ಟಿನ ಮೂಲಕ ಅದನ್ನು ತಿರುಗಿಸುತ್ತದೆ, ತಿರುಗಿದಾಗ ಕರೆಂಟು ಹುಟ್ಟುತ್ತದೆ. ಅದರೊಳಗಿನ ಡಯೋಡುಗಳು ಆ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಒಂದೇ ದಿಕ್ಕಿಗೆ ತಿರುಗಿಸುತ್ತವೆ. ರೆಗ್ಯುಲೇಟರ್ ಎಂಬ ಭಾಗ ವೋಲ್ಟೇಜ್ ಮಿತಿ ಮೀರದಂತೆ ಕಾಯುತ್ತದೆ.

ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳು ಮತ್ತು ನೀರು ಬೆರೆತ ಗಂಧಕಾಮ್ಲ ಇರುತ್ತದೆ. ಇದನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬವರು ಕಂಡುಹಿಡಿದರು. ಜೀಪಿನ ಬ್ಯಾಟರಿಯಲ್ಲಿ ಆರು ಮನೆ, ಅಂದರೆ ಆರು ಸೆಲ್. ಒಂದೊಂದು ಸುಮಾರು 2.1 ವೋಲ್ಟ್ ಕೊಡುತ್ತದೆ. ಆರೂ ಸೇರಿ 12.6. ನಾವು ಬಾಯಿಮಾತಿಗೆ 12 ವೋಲ್ಟ್ ಅನ್ನುತ್ತೇವೆ.

ಮುಟ್ಟುವ ಮುನ್ನ

- ಬಳೆ, ಉಂಗುರ, ಕುತ್ತಿಗೆಯ ಸರ ತೆಗೆದಿಡಿ. ಲೋಹ ಎರಡು ಟರ್ಮಿನಲ್ಲಿಗೂ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಚರ್ಮ ಸುಡುತ್ತದೆ.
- ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಕಟ್ಟಿ. ಎಂಜಿನ್ ಓಡುವಾಗ ಫ್ಯಾನು, ಬೆಲ್ಟಿನ ಹತ್ತಿರ ಕೈ ಒಯ್ಯಬೇಡಿ.
- ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಗ್ಯಾಸು ಬರುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಕತ್ತಲಲ್ಲಿ ನೀರು ನೋಡಲು ಲೈಟರ್ ಹಚ್ಚುವವರನ್ನು ದೂರ ಕಳಿಸಿ.
- ಆಸಿಡ್ ಕಣ್ಣಿಗೆ ಬಿದ್ದರೆ ಕಡಿಮೆ ಅಂದರೂ 15 ನಿಮಿಷ ಶುದ್ಧ ನೀರು ಹೊಯ್ಯುತ್ತಾ ಇರಿ, ನಂತರ ತಡಮಾಡದೆ ಆಸ್ಪತ್ರೆಗೆ ಹೋಗಿ.
- ವೈರು ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಜೀಪಿನ ಬಾಡಿ ಎಲ್ಲ ಮೈನಸ್ಸೇ. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಮೊದಲು ಕಣ್ಣು, ಕಿವಿ

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. "ಗಾಡಿ ಸ್ಟಾರ್ಟ್ ಮಾಡಬೇಡಿ, ನಾವು ಬಂದ ಮೇಲೆ ಮಾಡಿ" ಎಂದು ಮಾರುವವರಿಗೆ ಮುಂಚೆಯೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿರುವ ಡೀಸೆಲ್ ಎಂಜಿನ್ನು ಎಬ್ಬಿಸಲು ಬ್ಯಾಟರಿಗೆ ತುಂಬ ಬಲ ಬೇಕು. ನಿಜವಾದ ಪರೀಕ್ಷೆ ಅದೇ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯಾದರೆ ಯಾಕೆ ಅಲ್ಲಿ ನಿಲ್ಲಿಸಿದ್ದಾರೆ ಎಂದು ಕೇಳಿ.

ಬ್ಯಾಟರಿಯಲ್ಲಿ ನೋಡಬೇಕಾದ್ದು: ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯೇ? ಬದಿ ಉಬ್ಬಿದೆಯೇ, ಒಡೆದಿದೆಯೇ? ಮುಚ್ಚಳ ಇರುವ ಬ್ಯಾಟರಿಯಾದರೆ ನೀರು ಪ್ಲೇಟಿನ ಮೇಲೆ ನಿಂತಿದೆಯೇ? ತಯಾರಾದ ತಿಂಗಳು, ವರ್ಷ ಎಲ್ಲಿ ಒತ್ತಿದ್ದಾರೆ? ವಾರಂಟಿ ಕಾರ್ಡ್ ಉಂಟೇ? ಕೊನೆಗೆ ಕೈಯಿಂದ ಅಲುಗಾಡಿಸಿ. ಕಲ್ಲುದಾರಿಯಲ್ಲಿ ಓಡುವ ಜೀಪಿನಲ್ಲಿ ಬ್ಯಾಟರಿ ಹಿಡಿದಿಡುವ ಕ್ಲ್ಯಾಂಪು ಸಡಿಲವಾದರೆ ಒಳಗಿನ ಪ್ಲೇಟು ಅಲುಗಿ ಉದುರುತ್ತದೆ. ಹೊಸ ಬ್ಯಾಟರಿಯೂ ಬೇಗ ಸಾಯುತ್ತದೆ. ಹಗ್ಗದಲ್ಲೋ ಟ್ಯೂಬಿನಲ್ಲೋ ಕಟ್ಟಿದ ಬ್ಯಾಟರಿ ಕಂಡರೆ ಬೆಲೆ ಮಾತಾಡುವಾಗ ಅದನ್ನು ಎತ್ತಿ ಹೇಳಿ.

ಆಮೇಲೆ ಬೆಲ್ಟು. ಬಿರುಕು, ಹೊಳಪು, ಎಣ್ಣೆ ಇರಬಾರದು. ಎಂಜಿನ್ ನಿಂತಿರುವಾಗ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ತುಂಬ ಸಡಿಲವಾದರೆ ಜಾರಿ ಕೀಂ ಕೀಂ ಎನ್ನುತ್ತದೆ, ಚಾರ್ಜು ಕಡಿಮೆ. ತುಂಬ ಬಿಗಿಯಾದರೆ ಡೈನಮೋದ ಬೇರಿಂಗ್ ಹೋಗುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪವನ್ನೂ ನೋಡಿ. ಕೀ ಆನ್ ಮಾಡಿದಾಗ ಅದು ಹತ್ತಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಕೀ ಹಾಕಿದಾಗ ಹತ್ತಲೇ ಇಲ್ಲವೇ? ಖುಷಿಪಡಬೇಡಿ. ಬಲ್ಬು ಸುಟ್ಟಿರಬಹುದು, ವೈರು ತುಂಡಾಗಿರಬಹುದು, ಇಲ್ಲವೇ ತೊಂದರೆ ಮುಚ್ಚಿಡಲು ಯಾರೋ ಬಲ್ಬು ತೆಗೆದಿರಬಹುದು. ಅನೇಕ ಗಾಡಿಗಳಲ್ಲಿ ಡೈನಮೋಗೆ ಚಾರ್ಜು ಶುರು ಮಾಡಲು ಬೇಕಾದ ಸಣ್ಣ ಕರೆಂಟು ಈ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬು ಹೋದರೆ ಡೈನಮೋ ಸರಿಯಿದ್ದರೂ ಚಾರ್ಜು ಆಗದೇ ಇರಬಹುದು.

ಮೀಟರಿನ ಮೂರು ಪರೀಕ್ಷೆ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಡಿಜಿಟಲ್ ಮೀಟರು ಸಿಗುತ್ತದೆ. ಒಕ್ಕೂಟಕ್ಕೆ ಒಂದು ಇದ್ದರೆ ಸಾಕು. ಅದನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್ ಟರ್ಮಿನಲ್ಲಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ.

ಪರೀಕ್ಷೆ 1: ಮಲಗಿರುವಾಗ. ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ಈಗಷ್ಟೇ ಓಡಿದ್ದರೆ ಹೆಡ್‌ಲೈಟು ಎರಡು ನಿಮಿಷ ಹಾಕಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಇಲ್ಲದಿದ್ದರೆ ಮೇಲುಮೇಲಿನ ಚಾರ್ಜು ನೋಡಿ ಮೋಸ ಹೋಗುತ್ತೇವೆ.
12.6 ಅಥವಾ ಮೇಲೆ: ಪೂರ್ತಿ ತುಂಬಿದೆ
12.4: ಸುಮಾರು ಮುಕ್ಕಾಲು
12.2: ಸುಮಾರು ಅರ್ಧ
12.0: ಸುಮಾರು ಕಾಲು
11.8ಕ್ಕಿಂತ ಕೆಳಗೆ: ಖಾಲಿ
ಚಾರ್ಜು ಮಾಡಿ ಬಿಟ್ಟರೂ 10.5ರ ಆಸುಪಾಸೇ ತೋರಿಸಿದರೆ ಆರು ಸೆಲ್ಲಿನಲ್ಲಿ ಒಂದು ಸತ್ತಿರುವ ಸಾಧ್ಯತೆ ಹೆಚ್ಚು. ಅಂಥ ಬ್ಯಾಟರಿಗೆ ಇನ್ನು ಹಣ ಹಾಕಬೇಡಿ.

ಪರೀಕ್ಷೆ 2: ಸೆಲ್ಫ್ ಹೊಡೆಯುವಾಗ. ಈ ಪರೀಕ್ಷೆ ಬ್ಯಾಟರಿ ತಕ್ಕಮಟ್ಟಿಗೆ ತುಂಬಿರುವಾಗ ಮಾಡಬೇಕು. ಒಬ್ಬರು ಮೀಟರು ಹಿಡಿಯಿರಿ, ಇನ್ನೊಬ್ಬರು ಗೇರು ನ್ಯೂಟ್ರಲ್ಲಿನಲ್ಲಿದೆ, ಹ್ಯಾಂಡ್‌ಬ್ರೇಕ್ ಹಾಕಿದೆ ಎಂದು ನೋಡಿಕೊಂಡು ಸೆಲ್ಫ್ ಹೊಡೆಯಲಿ. ವೋಲ್ಟು ಕೆಳಗಿಳಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಹೋಗಬಾರದು. ಮಲಗಿರುವಾಗ 12.6 ಇದ್ದು, ಸೆಲ್ಫ್ ಹೊಡೆದಾಗ ಎಂಟಕ್ಕೋ ಏಳಕ್ಕೋ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ ಎಂದು ಅನುಮಾನಿಸಿ. ಸೆಲ್ಫ್ ಮೋಟರೇ ಹಿಡಿದುಕೊಂಡಿದ್ದರೂ ಹೀಗಾಗಬಹುದು. ಹಾಗಾಗಿ ಒಂದು ಒಳ್ಳೆಯ ಬ್ಯಾಟರಿ ಇಟ್ಟು ಮತ್ತೊಮ್ಮೆ ನೋಡಿದರೆ ನಿಜ ತಿಳಿಯುತ್ತದೆ.

ವೋಲ್ಟು 12ರ ಮೇಲೆಯೇ ನಿಂತು, ಬರೀ "ಟಕ್" ಎಂದು ಸದ್ದಾಗಿ ಎಂಜಿನ್ ತಿರುಗದಿದ್ದರೆ? ಆಗ ಬ್ಯಾಟರಿಯ ತಪ್ಪಲ್ಲ. ಕರೆಂಟು ಸೆಲ್ಫಿಗೆ ತಲುಪುತ್ತಿಲ್ಲ, ಇಲ್ಲವೇ ಸೆಲ್ಫಿನೊಳಗೇ ತೊಂದರೆ. ಟರ್ಮಿನಲ್ ಸಡಿಲ, ತುಕ್ಕು ಹಿಡಿದ ಕೇಬಲ್, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ, ಇವನ್ನು ಮೊದಲು ನೋಡಿ. ಮಳೆ, ಕೆಸರು, ಹಳ್ಳದ ನೀರಿನಲ್ಲಿ ಓಡುವ ನಮ್ಮ ಜೀಪುಗಳಲ್ಲಿ ಈ ಅರ್ಥ್ ಪಟ್ಟಿ ತುಕ್ಕು ಹಿಡಿಯುವುದು ಬಹಳ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಎಷ್ಟೋ ಸಲ ಖರ್ಚಿಲ್ಲದೆ ಸರಿಹೋಗುತ್ತದೆ.

ಪರೀಕ್ಷೆ 3: ಎಂಜಿನ್ ಓಡುವಾಗ. ಸ್ವಲ್ಪ ಆಕ್ಸಿಲರೇಟರ್ ಒತ್ತಿ ಹಿಡಿದು ಬ್ಯಾಟರಿಯ ಮೇಲೆಯೇ ಅಳೆಯಿರಿ.
13.8ರಿಂದ 14.5: ಡೈನಮೋ ಸರಿಯಾಗಿದೆ
ಮಲಗಿದ್ದಾಗಿನಷ್ಟೇ ಅಥವಾ ಅದಕ್ಕಿಂತ ಕಡಿಮೆ: ಚಾರ್ಜು ಆಗುತ್ತಿಲ್ಲ
15ಕ್ಕಿಂತ ಹೆಚ್ಚು: ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಕುದಿದು ಒಣಗುತ್ತದೆ, ಬಲ್ಬುಗಳು ಸುಡುತ್ತವೆ
ಈಗ ಹೆಡ್‌ಲೈಟು, ವೈಪರ್, ಒಳಗಿನ ಫ್ಯಾನು ಎಲ್ಲ ಹಾಕಿ. ಆಗಲೂ 13.5ರ ಸುತ್ತಮುತ್ತ ನಿಲ್ಲಬೇಕು. 12ರ ಕಡೆ ಜಾರಿದರೆ ಬೆಲ್ಟು ಜಾರುತ್ತಿದೆ ಅಥವಾ ಡೈನಮೋ ಅರ್ಧ ಬಲದಲ್ಲಿದೆ. ಹಗಲು ಸರಿಯಿದ್ದು ರಾತ್ರಿ ಪ್ರಯಾಣದ ನಂತರ ಮಾತ್ರ ಡೌನ್ ಆಗುವ ಗಾಡಿಯ ಕಥೆ ಹೆಚ್ಚಾಗಿ ಇದೇ.

ಲೆಕ್ಕ ಮಾಡಿ ನೋಡಿ: 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು ಅಂದರೆ 120 ವ್ಯಾಟ್. 12 ವೋಲ್ಟಿಗೆ ಅದು 10 ಆಂಪಿಯರ್. ಡೈನಮೋ ಏನೂ ಕೊಡದಿದ್ದರೆ 75 ಆಂಪಿಯರ್-ಅವರಿನ ಒಳ್ಳೆಯ ಬ್ಯಾಟರಿಯೂ ನಾಲ್ಕು ಗಂಟೆಯೊಳಗೆ ಅರ್ಧಕ್ಕೆ ಬರುತ್ತದೆ. ಪ್ರವಾಸಿಗರಿಗಾಗಿ ಮುಂದೆ ನಾಲ್ಕು ದೊಡ್ಡ ಲೈಟು ಜಾಸ್ತಿ ಹಾಕಿಸಿದ ಜೀಪಿನಲ್ಲಿ ಇನ್ನೂ ಬೇಗ. ಅಂಥ ಲೈಟುಗಳಿಗೆ ರಿಲೇ, ಫ್ಯೂಸು ಹಾಕಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ವೈರು ಕಾದು ಬೆಂಕಿ ಹತ್ತುವ ಭಯವೂ ಉಂಟು.

ಚಾರ್ಜು ಆಗದಿದ್ದರೆ ನೇರ "ಹೊಸ ಡೈನಮೋ" ಅನ್ನಬೇಡಿ

ಗ್ಯಾರೇಜಿನಲ್ಲಿ ಮಾತು ಹೀಗಿರಲಿ:

"ಅಕ್ಕಾ, ಡೈನಮೋ ಹೋಗಿದೆ, ಹೊಸದೇ ಹಾಕ್ಬೇಕು."
"ಅಣ್ಣಾ, ಅದರ ಹಿಂದಿನ ದಪ್ಪ ವೈರಿನಲ್ಲಿ ಎಂಜಿನ್ ಆಫ್ ಇರುವಾಗ ಬ್ಯಾಟರಿಯಷ್ಟೇ ವೋಲ್ಟು ಬರ್ತಾ ಉಂಟಾ? ಮೊದಲು ತೋರಿಸಿ."
"ಅದನ್ನೆಲ್ಲ ನೀವು ಯಾಕೆ ಕೇಳ್ತೀರಿ ಅಕ್ಕಾ?"
"ಸಂಘದ ಹಣ ಅಣ್ಣಾ. ಸಭೆಯಲ್ಲಿ ನಾನು ಲೆಕ್ಕ ಹೇಳ್ಬೇಕು."

ಆ ದಪ್ಪ ವೈರಿನ ತುದಿಯಲ್ಲಿ ವೋಲ್ಟೇ ಇಲ್ಲದಿದ್ದರೆ ವೈರೋ ಅದರ ಫ್ಯೂಸೋ ತುಂಡಾಗಿದೆ. ಎಂಜಿನ್ ಓಡುವಾಗ ಒಂದು ಕಡ್ಡಿ ಡೈನಮೋದ ದಪ್ಪ ಟರ್ಮಿನಲ್ಲಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಇಟ್ಟರೆ 0.3 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ದಾರಿಯಲ್ಲೇ ಕರೆಂಟು ಕಳೆದುಹೋಗುತ್ತಿದೆ. ಬೆಲ್ಟು, ದೀಪ, ವೈರು, ಅರ್ಥ್ ಎಲ್ಲ ಸರಿಯಿದ್ದರೆ ಮಾತ್ರ ಡೈನಮೋ ಬಿಚ್ಚಿಸಿ. ಆಗಲೂ ಪೂರ್ತಿ ಹೊಸದೇ ಬೇಕೆಂದಿಲ್ಲ. ಒಳಗಿನ ಕಾರ್ಬನ್ ಬ್ರಶ್ ಸವೆದಿರಬಹುದು, ರೆಗ್ಯುಲೇಟರ್ ಅಥವಾ ಡಯೋಡ್ ಹೋಗಿರಬಹುದು. ಇವನ್ನು ಬೇರೆ ಬೇರೆಯಾಗಿ ಬದಲಿಸಬಹುದು. ಕೆಸರು ನುಗ್ಗಿದ ಡೈನಮೋದಲ್ಲಿ ಬ್ರಶ್ ಬೇಗ ಸವೆಯುತ್ತದೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು ನೋಡಿ.

ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ತೆಗೆದು "ನಿಲ್ಲದಿದ್ದರೆ ಡೈನಮೋ ಸರಿ" ಎಂದು ತೋರಿಸುವ ಹಳೆಯ ಪದ್ಧತಿ ಉಂಟು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟು ಒಮ್ಮೆಗೆ ಏರಿ ಡಯೋಡ್, ರೆಗ್ಯುಲೇಟರ್ ಸುಡಬಹುದು. ಹಳೆಯ ಡೀಸೆಲ್ ಎಂಜಿನ್ನು ಕರೆಂಟಿಲ್ಲದೆಯೂ ಓಡುವುದರಿಂದ ಅದು ಏನನ್ನೂ ಸಾಬೀತು ಮಾಡುವುದೂ ಇಲ್ಲ. ಬಿಡಬೇಡಿ.

ರಾತ್ರಿಯ ಸೋರಿಕೆ

ಮೂರೂ ಪರೀಕ್ಷೆ ಸರಿ, ಆದರೂ ಎರಡು ದಿನ ನಿಲ್ಲಿಸಿದರೆ ಡೌನ್. ಹಾಗಾದರೆ ಎಲ್ಲೋ ಕರೆಂಟು ಸೋರುತ್ತಿದೆ. 5 ವ್ಯಾಟಿನ ಒಂದು ಸಣ್ಣ ಬಲ್ಬು ಆರದೆ ಉಳಿದರೂ ದಿನಕ್ಕೆ 10 ಆಂಪಿಯರ್-ಅವರ್ ಹೋಗುತ್ತದೆ. ನಾಲ್ಕು ದಿನದಲ್ಲಿ 75ರ ಬ್ಯಾಟರಿ ಅರ್ಧಕ್ಕಿಂತ ಕೆಳಗೆ.

ಹಿಡಿಯುವ ಸುಲಭ ಉಪಾಯ: ಎಲ್ಲ ಆಫ್ ಮಾಡಿ, ಕೀ ತೆಗೆದು, ಬಾಗಿಲು ಮುಚ್ಚಿ. ಮೈನಸ್ ವೈರು ಬಿಚ್ಚಿ, ಆ ವೈರಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬು ಹಿಡಿಯಿರಿ. ಬಲ್ಬು ಚೆನ್ನಾಗಿ ಹತ್ತಿದರೆ ಸೋರಿಕೆ ಉಂಟು. ಒಬ್ಬರು ಒಂದೊಂದೇ ಫ್ಯೂಸು ತೆಗೆಯಲಿ. ಯಾವುದು ತೆಗೆದಾಗ ಬಲ್ಬು ಆರುತ್ತದೋ ಕಳ್ಳ ಅದೇ ದಾರಿಯಲ್ಲಿದ್ದಾನೆ. ಮ್ಯೂಸಿಕ್ ಸಿಸ್ಟಮ್ಮು, ಆಮೇಲೆ ಹಾಕಿಸಿದ ಹಾರನ್ನು, ಜಿ.ಪಿ.ಎಸ್. ಪೆಟ್ಟಿಗೆ ಇವೇ ಹೆಚ್ಚಾಗಿ ಸಿಗುತ್ತವೆ. ಯಾವ ಫ್ಯೂಸು ತೆಗೆದರೂ ಆರದಿದ್ದರೆ ಡೈನಮೋದ ಡಯೋಡಿನ ಮೇಲೆ ಅನುಮಾನಪಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೂ ಡೈನಮೋದ ಮೈ ಬೆಚ್ಚಗಿದ್ದರೆ ಆ ಅನುಮಾನ ಗಟ್ಟಿ. ಈ ಬಲ್ಬು ಇಟ್ಟಿರುವಾಗ ಸೆಲ್ಫ್ ಹೊಡೆಯಬಾರದು.

ದಾರಿಯಲ್ಲಿ ಕೆಂಪು ದೀಪ ಹತ್ತಿದರೆ

ಇದು ಹಣಕ್ಕಿಂತ ದೊಡ್ಡ ವಿಷಯ, ಜೀವದ ವಿಷಯ. ಹಲವು ಡೀಸೆಲ್ ಜೀಪುಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಡೈನಮೋದ ಹಿಂಭಾಗದಲ್ಲೇ ಇರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟು ತುಂಡಾದರೆ ಚಾರ್ಜು ನಿಲ್ಲುವುದಷ್ಟೇ ಅಲ್ಲ, ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ನೂ ಕಾಯುತ್ತದೆ. ಘಾಟಿಯ ಇಳಿಜಾರಿನಲ್ಲಿ, ಹಿಂದೆ ಹನ್ನೆರಡು ಜನ ಕೂತಿರುವಾಗ ಇದರ ಅರ್ಥವೇನು ಯೋಚಿಸಿ. ಕೊಳ್ಳುವ ಗಾಡಿಯಲ್ಲಿ ಪಂಪು ಎಲ್ಲಿದೆ ಎಂದು ಮೆಕ್ಯಾನಿಕ್ಕಿನ ಹತ್ತಿರ ಕೇಳಿ ತಿಳಿದುಕೊಳ್ಳಿ.

ಆದ್ದರಿಂದ ಡ್ರೈವರಿಗೆ ಹೇಳಿ: ದೀಪ ಹತ್ತಿದರೆ ಸಣ್ಣ ಗೇರಿಗೆ ಇಳಿಸಿ, ಬದಿಗೆ ನಿಲ್ಲಿಸಿ, ಬೆಲ್ಟು ನೋಡಬೇಕು. ಬೆಲ್ಟು ತುಂಡಾಗಿದ್ದರೆ ಗಾಡಿ ಅಲ್ಲೇ ನಿಲ್ಲಲಿ, ಜನ ಇಳಿಯಲಿ. ಬೆಲ್ಟು ಸರಿಯಿದ್ದು, ಬ್ರೇಕೂ ಸರಿಯಿದ್ದರೆ ಅನಗತ್ಯ ಲೈಟು, ಫ್ಯಾನು ಆರಿಸಿ ಹತ್ತಿರದ ಊರಿನವರೆಗೆ ಹಗಲಲ್ಲಿ ನಿಧಾನ ಹೋಗಬಹುದು. ಗಾಡಿಯಲ್ಲಿ ಯಾವಾಗಲೂ ಒಂದು ಹೊಸ ಬೆಲ್ಟು, ಅದಕ್ಕೆ ಬೇಕಾದ ಸ್ಪ್ಯಾನರು ಇರಲಿ.

ಬೇರೆ ಗಾಡಿಯಿಂದ ಕರೆಂಟು ಕೊಡುವಾಗ: ಎರಡೂ 12 ವೋಲ್ಟಿನವೇ ಆಗಿರಬೇಕು. ದೊಡ್ಡ ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಅದರಿಂದ ತೆಗೆದುಕೊಳ್ಳಬೇಡಿ. ಕೆಂಪು ಕೇಬಲ್ ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ನಂತರ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಡೌನ್ ಆದ ಗಾಡಿಯ ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದು ಎಂಬುದೇ ಇದರ ಕಾರಣ.

ಬ್ಯಾಟರಿಯ ಆರೈಕೆ

ತಿಂಗಳಿಗೊಮ್ಮೆ ನೀರು ನೋಡಿ. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ನಲ್ಲಿ ನೀರು, ಆಸಿಡ್ ಬೇಡ. ಟರ್ಮಿನಲ್ಲಿನ ಪುಡಿಗೆ ಅಡುಗೆ ಸೋಡಾ ಕರಗಿಸಿದ ನೀರು ಹಾಕಿ ಬ್ರಶ್ಶಿನಿಂದ ಉಜ್ಜಿ, ತೊಳೆದು, ಒಣಗಿಸಿ, ವ್ಯಾಸಲೀನ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಿರಲಿ. ಮಳೆಗಾಲದಲ್ಲಿ ಗಾಡಿ ಹೆಚ್ಚು ದಿನ ನಿಲ್ಲಿಸುವುದಾದರೆ ಮೈನಸ್ ವೈರು ಬಿಚ್ಚಿಡಿ. ಖಾಲಿ ಇಟ್ಟ ಬ್ಯಾಟರಿಯ ಪ್ಲೇಟು ಗಟ್ಟಿಕಟ್ಟಿ ಮತ್ತೆ ಚಾರ್ಜು ಹಿಡಿಯುವುದಿಲ್ಲ.

ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ, ಸೀಸ ಕರಗಿಸಬೇಡಿ. ಸೀಸದ ವಿಷ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು.

ನೆನಪಿಡಿ

- ಮಲಗಿದಾಗ 12.6, ಸೆಲ್ಫ್ ಹೊಡೆದಾಗ 9.6ಕ್ಕಿಂತ ಮೇಲೆ, ಓಡುವಾಗ 13.8ರಿಂದ 14.5.
- ಮೊದಲು ಉಜ್ಜಿ, ಬಿಗಿ ಮಾಡಿ. ಆಮೇಲೆ ಅಳೆಯಿರಿ. ಕೊನೆಗೆ ಕೊಳ್ಳಿ.
- ಕೊಳ್ಳುವ ದಿನದ ಮೂರು ಅಳತೆಯನ್ನು ನಿರ್ಣಯ ಪುಸ್ತಕದಲ್ಲಿ ಬರೆದು, ನೋಡಿದ ಇಬ್ಬರು ಸದಸ್ಯೆಯರು ಸಹಿ ಮಾಡಿರಿ.

ಸಭೆಯಲ್ಲಿ ಚರ್ಚಿಸಲು

1. ಒಂದು ಜೀಪಿನಲ್ಲಿ ಮಲಗಿದಾಗ 12.1, ಓಡುವಾಗಲೂ 12.0. ಮಾರುವವರು "ಹೊಸ ಬ್ಯಾಟರಿ ಹಾಕಿ ಕೊಡ್ತೇನೆ" ಅನ್ನುತ್ತಾರೆ. ನಾವು ಏನು ಹೇಳಬೇಕು?
2. ನಮ್ಮ ಊರಿನ ಜೀಪುಗಳಲ್ಲಿ ಬಿಡಿ ಬೆಲ್ಟು ಇಟ್ಟುಕೊಂಡವರು ಎಷ್ಟು ಜನ?
3. ಮೀಟರು ಹಿಡಿದು ಪರೀಕ್ಷೆ ಕಲಿಯಲು ನಮ್ಮ ಸಂಘದಿಂದ ಯಾವ ಇಬ್ಬರನ್ನು ಆರಿಸೋಣ?

ಶುಭಸಂದೇಶದ ಹತ್ತು ಕನ್ಯೆಯರ ಸಾಮತಿ ನಮಗೆಲ್ಲ ಗೊತ್ತು. ದೀಪ ಹತ್ತು ಜನರ ಕೈಯಲ್ಲೂ ಇತ್ತು, ಎಣ್ಣೆ ಇಟ್ಟುಕೊಂಡವರು ಐವರು ಮಾತ್ರ. ನಡುರಾತ್ರಿ ನೆರೆಮನೆಯವರು ಬಾಗಿಲು ತಟ್ಟಿದಾಗ ನಮ್ಮ ಸಂಘದ ಜೀಪು ಮೊದಲ ಸೆಲ್ಫಿಗೇ ಏಳುವಂತೆ ಇಂದೇ ನೋಡಿಕೊಳ್ಳೋಣ.